ನಿಡೆಲ್ವಾ ದಂಡೆಯ ಮಣಿಗಳು

ರಾತ್ರಿ ಹತ್ತೂವರೆ, ಆದರೂ ಬಿಸಿಲು. ಗಡಿಯಾರ ನಿಂತಿದೆಯೇನೋ ಎಂದು ಕಿವಿಗೆ ಹಿಡಿದು ನೋಡಿದೆ. ನಾರ್ವೆಯ ಟ್ರಾಂಡ್‌ಹೈಮ್ ನಗರದಲ್ಲಿ ಜೂನ್ ಎಂದರೆ ಹೀಗೇ ಅಂತೆ. ನಾನು ನಿಂತಿದ್ದ ಕೆಂಪು ಕಮಾನುಗಳ ಮರದ ಸೇತುವೆ 1861ರದು. ಕೆಳಗೆ ನಿಡೆಲ್ವಾ ನದಿ, ದಂಡೆಯುದ್ದಕ್ಕೂ ಕಂಬಗಳ ಮೇಲೆ ನಿಂತ ಬಣ್ಣಬಣ್ಣದ ಹಳೆಯ ಉಗ್ರಾಣಗಳು. ಸೇತುವೆ ದಾಟಿದರೆ ಕಡಿದಾದ ಏರು. ಅಲ್ಲಿ ಸೈಕಲ್ ಸವಾರರ ಕಾಲಿಗೆ ಆಸರೆ ಕೊಟ್ಟು ಮೇಲಕ್ಕೆ ತಳ್ಳುವ ಯಂತ್ರವನ್ನೇ ನೆಲದಲ್ಲಿ ಹೂತಿದ್ದಾರೆ. ಪ್ರವಾಸಿಗರೆಲ್ಲ ನಿದರೋಸ್ ಚರ್ಚಿನತ್ತ ಹೋಗುತ್ತಾರೆ. ನಾನು ಬಂದದ್ದು ಕಣ್ಣಿಗೆ ಕಾಣದ ಮಣಿಗಳನ್ನು ನೋಡಲು.

ಮಗಳು ಇಲ್ಲಿ ಸಂಶೋಧನೆಯ ಎರಡನೇ ವರ್ಷದಲ್ಲಿದ್ದಾಳೆ. ನಾಲ್ಕು ತಿಂಗಳಿಂದ ಫೋನಿನಲ್ಲಿ ಒಂದೇ ಮಾತು: "ಪ್ರೋಟೀನ್ ಸಿಗ್ತಾನೇ ಇಲ್ಲ ಅಪ್ಪಾ." ಕೊನೆಗೊಂದು ದಿನ, "ಬಿಟ್ಟು ಬಂದ್ಬಿಡ್ಲಾ?" ಎಂದಳು. ಬಂದುಬಿಡಲಿ ಎಂದಳು ನನ್ನ ಹೆಂಡತಿ. ಹೋಗಿ ನೋಡಿ ಹೇಳುತ್ತೇನೆ ಎಂದು ನಾನು ಟಿಕೆಟ್ ತೆಗೆಸಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟ ಧೈರ್ಯ, ಅಷ್ಟೆ.

ಊರಿನ ಎತ್ತರದ ಜಾಗ ಗ್ಲೋಸ್‌ಹೌಗೆನ್ ಗುಡ್ಡ. 1910ರಲ್ಲಿ ಕಟ್ಟಿದ ಬೂದುಗಲ್ಲಿನ ತಾಂತ್ರಿಕ ವಿದ್ಯಾಲಯ ಕೋಟೆಯಂತೆ ನಿಂತಿದೆ. ಜಾನ್ ಊಗೆಲ್‌ಸ್ಟಾಡ್ ಪ್ರಾಧ್ಯಾಪಕರಾಗಿದ್ದುದು ಇದೇ ವಿದ್ಯಾಲಯದಲ್ಲಿ. ಹುಟ್ಟಿದ್ದೂ ಇದೇ ಊರಲ್ಲಿ, 1921ರಲ್ಲಿ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಮಣಿಗಳನ್ನು ಕೆಲವು ಮೈಕ್ರಾನ್ ದಪ್ಪಕ್ಕೆ, ಎಲ್ಲವೂ ಒಂದೇ ಗಾತ್ರಕ್ಕೆ ಬರುವಂತೆ ಮಾಡುವುದು ಆಗ ಬಲು ಕಷ್ಟ. ದೊಡ್ಡದಾಗುತ್ತ ಹೋದಂತೆ ಕೆಲವು ತೇಲುತ್ತವೆ, ಕೆಲವು ಮುಳುಗುತ್ತವೆ, ಕಲಕಿದರೆ ಗಂಟು ಕಟ್ಟುತ್ತವೆ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಮಾತ್ರ ಇದು ಸಾಧ್ಯ ಎಂಬ ಮಾತಿತ್ತು. ನಾಸಾ 1982-83ರಲ್ಲಿ ತನ್ನ ನೌಕೆಯಲ್ಲಿ ಹಾಗೆಯೇ ಮಾಡಿಯೂ ತೋರಿಸಿತು. ಅದಕ್ಕೂ ಐದಾರು ವರ್ಷ ಮೊದಲೇ ಊಗೆಲ್‌ಸ್ಟಾಡ್ ಈ ಗುಡ್ಡದ ಮೇಲೆ ದಾರಿ ಕಂಡುಕೊಂಡಿದ್ದರು. ಪುಟ್ಟ ಬೀಜಮಣಿಗಳಿಗೆ ಮೊದಲು ನೀರಿನಲ್ಲಿ ಕರಗದ ಎಣ್ಣೆಯಂಥ ವಸ್ತುವನ್ನು ಕುಡಿಸುವುದು. ಆಮೇಲೆ ಅವು ಸ್ಟೈರೀನನ್ನು ತಾವಾಗಿ ಹೀರಿ, ನೆನೆಸಿದ ಕಡಲೆಯಂತೆ ಒಂದೇ ಸಮನೆ ಉಬ್ಬುತ್ತವೆ. ಬಿಸಿ ಮಾಡಿದರೆ ಗಟ್ಟಿಯಾಗುತ್ತವೆ.

ಮುಂದೆ ಮಣಿಗಳಲ್ಲಿ ಸಣ್ಣ ರಂಧ್ರಗಳನ್ನು ಬಿಟ್ಟು, ಒಳಗೆ ಕೆಲವೇ ನ್ಯಾನೊಮೀಟರಿನ ಕಬ್ಬಿಣದ ಆಕ್ಸೈಡ್ ಕಣಗಳನ್ನು ತುಂಬಿದರು. ಕಣ ಅಷ್ಟು ಚಿಕ್ಕದಾದರೆ ಒಂದು ವಿಚಿತ್ರ ನಡೆಯುತ್ತದೆ: ಅಯಸ್ಕಾಂತ ಹತ್ತಿರ ಬಂದಾಗ ಮಾತ್ರ ಸೆಳೆತ, ದೂರ ಸರಿಸಿದರೆ ಮರೆವು. ಹಾಗಾಗಿ ಮಣಿಗಳು ತಮ್ಮತಮ್ಮಲ್ಲಿ ಅಂಟಿಕೊಳ್ಳುವುದಿಲ್ಲ. 1980ರ ದಶಕದ ಮೊದಲಲ್ಲಿ ಲಂಡನ್ನಿನ ವೈದ್ಯರು ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಬಂದ ಮಕ್ಕಳ ಅಸ್ಥಿಮಜ್ಜೆಯನ್ನು ಹೊರತೆಗೆದು, ರೋಗದ ಕೋಶಗಳನ್ನು ಈ ಮಣಿಗಳಿಂದ ಹಿಡಿದು ಸೆಳೆದುಹಾಕಿ, ಮಜ್ಜೆಯನ್ನು ಮರಳಿ ಕೊಡುವ ಪ್ರಯೋಗ ಮಾಡಿದರು. 2020ರಲ್ಲಿ ಕೋವಿಡ್ ಪರೀಕ್ಷೆಯ ಸಾಮಗ್ರಿ ಸಿಗದಾದಾಗ ಇದೇ ವಿಶ್ವವಿದ್ಯಾಲಯದವರು ನ್ಯಾನೊಕಣಗಳಿಂದಲೇ ವೈರಸ್ಸಿನ ಆರ್‌ಎನ್‌ಎ ಹಿಡಿದರು.

ಅನುಮತಿ ಪಡೆದು ಮಗಳ ಪ್ರಯೋಗಾಲಯಕ್ಕೆ ಹೋದೆ. ಕಿರುಬೆರಳಿನಷ್ಟು ನಳಿಕೆಯಲ್ಲಿ ಒಡೆದ ಜೀವಕೋಶಗಳ ತಿಳಿ ದ್ರವ. ಅದರಲ್ಲಿ ಸಾವಿರಾರು ಬಗೆಯ ಪ್ರೋಟೀನು. ಬೇಕಾದದ್ದು ಒಂದೇ ಒಂದು. ಅದನ್ನು ಮಾತ್ರ ಗುರುತಿಸುವ ಪ್ರತಿಕಾಯವನ್ನು ಅಂಟಿಸಿದ ಮಣಿಗಳು ಡಿಕಾಕ್ಷನ್ ಬಣ್ಣದ ಹನಿಯಾಗಿ ಒಳಗಿಳಿದವು. ತಣ್ಣನೆಯ ಕೋಣೆಯಲ್ಲಿ ನಳಿಕೆ ಒಂದು ಗಂಟೆ ನಿಧಾನವಾಗಿ ತಿರುಗಿತು. ಆಮೇಲೆ ಅಯಸ್ಕಾಂತದ ಸ್ಟ್ಯಾಂಡಿಗೆ ಸಿಕ್ಕಿಸಿದಳು. ನೋಡುನೋಡುತ್ತಿದ್ದಂತೆ ಕಂದೆಲ್ಲ ಗೋಡೆಗೆ ಗೆರೆಯಾಗಿ ಅಂಟಿತು, ನೀರು ತಿಳಿಯಾಯಿತು. ಬೇಡದ್ದನ್ನು ಹೀರಿ ಚೆಲ್ಲಿದಳು.

"ಮಣಿ ಇನ್ನೂ ಚಿಕ್ಕದಾದಷ್ಟೂ ಒಳ್ಳೇದಲ್ವಾ?" ಎಂದೆ. ಮೇಷ್ಟ್ರ ಚಪಲ. ಅವಳು ಕಾಗದದಲ್ಲಿ ಲೆಕ್ಕ ಹಾಕಿದಳು. 2.8 ಮೈಕ್ರಾನಿನ ಮಣಿಯ ಬದಲು 100 ನ್ಯಾನೊಮೀಟರಿನದು ಬಳಸಿದರೆ ಅಷ್ಟೇ ತೂಕಕ್ಕೆ ಮೈ 28 ಪಟ್ಟು ಹೆಚ್ಚು, ಪ್ರೋಟೀನಿಗೆ ಜಾಗ ಧಾರಾಳ. ಆದರೆ ಒಂದೊಂದು ಮಣಿಯ ಮೇಲಿನ ಸೆಳೆತ ಗಾತ್ರಕ್ಕೆ ತಕ್ಕಂತೆ, ಸುಮಾರು 22 ಸಾವಿರದಲ್ಲಿ ಒಂದು ಪಾಲು! ಹಿಡಿಯಲು ಬಲವಾದ ಅಯಸ್ಕಾಂತ ಬೇಕು, ತಾಳ್ಮೆಯೂ ಬೇಕು. ಈ ಗುಣಾಕಾರ ನನ್ನ ತಲೆಗೆ ಹೊಳೆದಿರಲಿಲ್ಲ.

ನಾಲ್ಕು ತಿಂಗಳ ಸೋಲಿಗೆ ಕಾರಣ ಹಿಂದಿನ ವಾರವಷ್ಟೇ ಗೊತ್ತಾಗಿತ್ತು. ತೊಳೆದು ನೀರು ತೆಗೆದ ಮೇಲೆ ಇವಳು ಮುಂದಿನ ನಳಿಕೆಗಳ ಕೆಲಸಕ್ಕೆ ಹೋಗುತ್ತಿದ್ದಳು. ಅಷ್ಟರಲ್ಲಿ ಮೊದಲ ನಳಿಕೆಯ ಮಣಿಗಳು ಒಣಗಿ, ಹಿಡಿದ ಪ್ರೋಟೀನು ಕೆಡುತ್ತಿತ್ತು. ಅವಳು ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದ ಹಿರಿಯ ಸಹಾಯಕಿಯೊಬ್ಬರು ಹೇಳಿದ್ದು. ಪುಸ್ತಕದಲ್ಲೂ ಇತ್ತಂತೆ. "ಓದಿದ್ದೆ ಅಪ್ಪಾ, ಆದ್ರೆ ಅದು ನಂಗೇ ಹೇಳಿದ್ದು ಅಂತ ಅನ್ನಿಸಿರ್ಲಿಲ್ಲ," ಎಂದಳು.

ಈ ಸಲ ಒಂದೊಂದಾಗಿ ತೊಳೆದಳು. ಬಿಸಿ ಮಾಡಿ ಪ್ರೋಟೀನು ಬಿಡಿಸಿ, ಜೆಲ್ಲಿನಲ್ಲಿ ಓಡಿಸಿ, ನೀಲಿ ಬಣ್ಣದಲ್ಲಿ ಮುಳುಗಿಸಿ, "ಬಣ್ಣ ಬಿಡೋಕೆ ಹೊತ್ತು ಬೇಕು, ನೀವು ಸೇತುವೆ ನೋಡ್ಕೊಂಡು ಬನ್ನಿ" ಎಂದು ನನ್ನನ್ನು ಹೊರಗಟ್ಟಿದ್ದಳು.

ಹನ್ನೊಂದಕ್ಕೆ ಮೇಲಿನ ರಸ್ತೆಯಿಂದ ಓಡುತ್ತ ಬಂದಳು. ಕೈಯಲ್ಲಿ ಮೊಬೈಲು, ಅದರಲ್ಲಿ ಜೆಲ್ಲಿನ ಫೋಟೋ. ಐದು ಸಾಲು ಖಾಲಿ, ಆರನೆಯದರಲ್ಲಿ ಉಗುರಿನಿಂದ ಗೀರಿದಷ್ಟು ತೆಳ್ಳನೆಯ ಒಂದು ನೀಲಿ ಗೆರೆ. ಊರಿನಲ್ಲಿ ಆಗ ಬೆಳಗಿನ ಜಾವ ಎರಡೂವರೆ. ಅಮ್ಮನನ್ನು ಎಬ್ಬಿಸುವುದು ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಫೋನು ರಿಂಗಾಗುತ್ತಿತ್ತು.