ಎರಡು ಬಂಡೆ, ಒಂದು ಅಂಚೆಕಾರ್ಡು

ಬಸ್ಸಿನ ಬೋರ್ಡಿನಲ್ಲಿ ಜಾಗ ಸಾಲದೆಂದೋ ಏನೋ, ಇಟಕದಿಬ್ಬನಹಳ್ಳಿ ಎಂಬ ಉದ್ದನೆಯ ಹೆಸರು ಕುಗ್ಗಿ ಐ.ಡಿ.ಹಳ್ಳಿಯಾಗಿದೆ. ಮಧುಗಿರಿ ತಾಲ್ಲೂಕಿನ ಈ ಹೋಬಳಿ ಆಂಧ್ರದ ಗಡಿಗೆ ಹತ್ತಿರ. ಕೆಂಪು ಮಣ್ಣು, ಕಡಲೆಕಾಯಿ ಹೊಲ, ಅಲ್ಲಲ್ಲಿ ಬೋಳು ಬಂಡೆ. ಇಲ್ಲಿಂದ ಕಾಲೇಜಿಗೋ ಕಚೇರಿ ಕೆಲಸಕ್ಕೋ ಮಧುಗಿರಿಗೆ ಹೋಗುವವರಿಗೆ ಊರಿನ ನೆತ್ತಿಯ ಮೇಲೆ ನಿಂತ ಏಕಶಿಲಾ ಬೆಟ್ಟ ಹೊಸದಲ್ಲ. ದಿನವೂ ಕಾಣುವುದನ್ನು ಯಾರೂ ನೋಡುವುದಿಲ್ಲ ಎಂಬುದು ಬೇರೆ ಮಾತು. ಸಮುದ್ರಮಟ್ಟದಿಂದ 3,900 ಅಡಿಗೂ ಎತ್ತರದ ಈ ಬಂಡೆಯ ಮೈಗೆ ಕೋಟೆ, ತುದಿಯಲ್ಲಿ ಹಾಳುಬಿದ್ದ ಗೋಪಾಲಕೃಷ್ಣ ದೇವಾಲಯ.

ಫ್ರಾನ್ಸಿನ ವಾಯವ್ಯ ಕರಾವಳಿಯಲ್ಲೂ ಇಂಥದೊಂದು ಗ್ರಾನೈಟ್ ಬಂಡೆಯಿದೆ. ಹೆಸರು ಮೊಂ ಸಾಂ ಮಿಶೆಲ್. ಅದಕ್ಕೂ ಕೋಟೆ, ಅದರ ತುದಿಯಲ್ಲೂ ದೇವರ ಮನೆ. ಸುತ್ತ ಹೊಲದ ಬದಲು ಕಡಲು, ಅಷ್ಟೇ. ಆದರೆ ಆ ಬಂಡೆಯನ್ನು ಕಾಣದವರೂ ಅದರ ಚಿತ್ರ ಕಂಡಿದ್ದಾರೆ. ಕಾರಣ, ನೂರು ವರ್ಷಗಳ ಹಿಂದಿನ ಫ್ರೆಂಚ್ ಅಂಚೆಕಾರ್ಡು.

ಬರಿಯ ಅಂಚೆಕಾರ್ಡು ಹುಟ್ಟಿದ್ದು 1869ರಲ್ಲಿ, ಆಸ್ಟ್ರಿಯಾದಲ್ಲಿ. ನಮ್ಮ ದೇಶಕ್ಕೆ ಅದು ಬಂದದ್ದು 1879ರಲ್ಲಿ, ಬೆಲೆ ಕಾಲಾಣೆ. ಫ್ರಾನ್ಸಿನಲ್ಲಿ 1889ರ ಐಫೆಲ್ ಗೋಪುರದ ಕಾರ್ಡು ಚಿತ್ರದ ಹುಚ್ಚು ಹತ್ತಿಸಿತು. ಮೊದಮೊದಲು ಹಿಂಬದಿಯಲ್ಲಿ ವಿಳಾಸ ಮಾತ್ರ ಬರೆಯಬೇಕಿತ್ತು. ಕ್ಷೇಮಸಮಾಚಾರವೆಲ್ಲ ಚಿತ್ರದ ಅಂಚಿನಲ್ಲೇ, ಕೆಲವೊಮ್ಮೆ ಚರ್ಚಿನ ಗೋಪುರದ ಮೇಲೆಯೇ! 1903ರ ಕೊನೆಯಲ್ಲಿ ನಿಯಮ ಬದಲಾಗಿ ಹಿಂಬದಿಗೆ ನಡುಗೆರೆ ಬಂತು. ಎಡಕ್ಕೆ ಮಾತು, ಬಲಕ್ಕೆ ವಿಳಾಸ. ಐದು ಪದ ಮೀರದ ಮಾತಿಗೆ 5 ಸಾಂಟೀಮ್, ಮೀರಿದರೆ 10. ಜನ ಐದು ಪದಗಳಲ್ಲೇ ಪ್ರೀತಿ ತಿಳಿಸಲು ಕಲಿತರು.

ಕಾರ್ಡಿನಲ್ಲಿ ಎಲ್.ಎಲ್. ಎಂದಿದ್ದರೆ ಲೆವಿ ಸಂಸ್ಥೆಯದು, ಎನ್.ಡಿ. ಎಂದಿದ್ದರೆ ನರ್ದ್ಯಾಂ ಸಹೋದರರದು. ಒಂದೊಂದು ಚರ್ಚಿಗೂ ಹತ್ತಾರು ಕಾರ್ಡು: ಹೊರನೋಟ, ಬಾಗಿಲವಾಡ, ಕಂಬ, ಗಂಟೆ. ಶಾಲೆಯ ಭೂತಗನ್ನಡಿ ಹಿಡಿದು ನೋಡಿದರೆ ಪತ್ರಿಕೆಯ ಚಿತ್ರದಲ್ಲಿ ಸಾಲು ಸಾಲು ಚುಕ್ಕೆ ಕಾಣುತ್ತದೆ. ಹಳೆಯ ಕಾಲೊಟೈಪ್ ಕಾರ್ಡಿನಲ್ಲಿ ಆ ಚುಕ್ಕೆಗಳಿಲ್ಲ. ಗಾಜಿನ ಮೇಲೆ ಹಚ್ಚಿದ ಜೆಲಾಟಿನ್ ಪದರದಿಂದ ಅಚ್ಚಾದ ಕಾರಣ ಅದರಲ್ಲಿರುವುದು ಸುಕ್ಕಿನಂಥ ಸಣ್ಣ ನವಿರು. ಕಲ್ಲಿನ ಬಿರುಕೂ ಸ್ಪಷ್ಟ.

ಮೊಂ ಸಾಂ ಮಿಶೆಲ್‌ನ ಕಾರ್ಡುಗಳನ್ನು ಓದಲು ಬಲ್ಲವರಿಗೆ ಚಿತ್ರವೇ ಇಸವಿ ಹೇಳುತ್ತದೆ. ಗೋಪುರದ ತುದಿಯಲ್ಲಿ ದೇವದೂತನ ಪ್ರತಿಮೆ ಇದ್ದರೆ ಚಿತ್ರ 1897ರ ನಂತರದ್ದು. ಬುಡದಲ್ಲಿ ರೈಲು ಕಂಡರೆ 1901 ಮತ್ತು 1938ರ ನಡುವಿನದು. ಬಂಡೆಗೆ ದಾರಿಯಾಗಿದ್ದ 1879ರ ಏರಿಯ ಬದಲು 2014ರಲ್ಲಿ ಸೇತುವೆ ತೆರೆಯಿತು. ಏರಿ ಈಗ ಕಾರ್ಡುಗಳಲ್ಲಿ ಉಳಿದಿದೆ. ಇನ್ನೊಂದು ಕಾರ್ಡಿನಲ್ಲಿ ಆಳೆತ್ತರ ಮೀರಿದ ಮರದ ಚಕ್ರ. 1863ರವರೆಗೆ ಆ ಮಠ ಸೆರೆಮನೆಯಾಗಿತ್ತು. ಕೈದಿಗಳು ಚಕ್ರದೊಳಗೆ ನಡೆದು ಕೆಳಗಿನಿಂದ ಸಾಮಾನು ಎಳೆಯುತ್ತಿದ್ದರು.

ಸೆರೆಮನೆ ಎಂದೊಡನೆ ಮಧುಗಿರಿ ನೆನಪಾಗಬೇಕು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ರಾಣಿ ವೀರಮ್ಮಾಜಿಯವರನ್ನೂ ಅವರ ದತ್ತುಪುತ್ರನನ್ನೂ ಸೆರೆಯಿಟ್ಟಿದ್ದು ಇದೇ ಬೆಟ್ಟದಲ್ಲಿ. 1767ರಲ್ಲಿ ಮರಾಠರು ಕೋಟೆ ಹಿಡಿದು ಬಿಡಿಸಿದರು. ಪುಣೆಯ ದಾರಿಯಲ್ಲೇ ರಾಣಿ ತೀರಿಕೊಂಡರು. ಅಲ್ಲಿ ಕೈದಿಗಳ ಚಕ್ರದ ಚಿತ್ರ ಮನೆಮನೆ ಮುಟ್ಟಿತು. ಇಲ್ಲಿ ರಾಣಿಯಿದ್ದ ಕೋಣೆ ಯಾವುದೆಂದು ಬೆಟ್ಟ ಹತ್ತುವ ಮಕ್ಕಳು ಕೇಳಿದರೆ ತೋರಿಸಲು ಒಂದು ಕಾರ್ಡಿಲ್ಲ.

ಚಿತ್ರ ಉಳಿದರೆ ಏನು ಲಾಭ ಎಂಬುದಕ್ಕೆ ರೀಮ್ಸ್ ಪಟ್ಟಣದ ಕೆಥೆಡ್ರಲ್ ಸಾಕ್ಷಿ. 1914ರ ಸೆಪ್ಟೆಂಬರ್ 19ರಂದು ಜರ್ಮನ್ ಗುಂಡುಗಳಿಂದ ಅದರ ಚಾವಣಿ ಹೊತ್ತಿ ಉರಿಯಿತು. ಬಾಗಿಲ ಬಳಿಯ ನಗುವ ದೇವದೂತನ ತಲೆ ಕಳಚಿ ಬಿದ್ದು ಚೂರಾಯಿತು. ಪುಣ್ಯಕ್ಕೆ ಪ್ಯಾರಿಸ್ಸಿನಲ್ಲಿ ಅದರ ಗಾರೆಯ ಅಚ್ಚು ಇತ್ತು. ಅದನ್ನು ನೋಡಿ ಚೂರು ಜೋಡಿಸಿ 1926ರಲ್ಲಿ ತಲೆಯನ್ನು ಮತ್ತೆ ಕೂರಿಸಿದರು. ಬೆಂಕಿಗೆ ಮುಂಚಿನ ಮತ್ತು ನಂತರದ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟರೆ ಏನು ಹೋಯಿತೆಂದು ಈಗಲೂ ಎಣಿಸಬಹುದು.

ನಮ್ಮ ನಾಡಿನಲ್ಲೂ ಫ್ರೆಂಚರ ಕೈಯ ಕಟ್ಟಡವೊಂದು ಕಣ್ಣೆದುರೇ ಕರಗುತ್ತಿದೆ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಪಾಲಾಯಿತು. ಮಳೆಗಾಲದಲ್ಲಿ ಅರ್ಧ ನೀರಲ್ಲಿ, ಬೇಸಿಗೆಯಲ್ಲಿ ಒಣ ನೆಲದಲ್ಲಿ. ಗೋಡೆಗಳು ಒಂದೊಂದಾಗಿ ಬೀಳುತ್ತಿವೆ.

ಹಾಗೆಂದು ಮಧುಗಿರಿ ಸೀಮೆಗೆ ದಾಖಲೆಯ ದಾರಿದ್ರ್ಯವೇನಿಲ್ಲ. ಫ್ರಾನ್ಸಿನ ಮಂದಿ ನಡುಗೆರೆಯ ಕಾರ್ಡು ಬರೆಯತೊಡಗಿದ 1904ರಲ್ಲೇ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ 12ನೆಯ ಸಂಪುಟ ಹೊರಬಂತು. ತುಮಕೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ. ಯಾರು ಯಾವ ದೇವರಿಗೆ ಎಷ್ಟು ಭೂಮಿ ಬಿಟ್ಟರೆಂದು ಶಾಸನ ಹೇಳುತ್ತದೆ. ಆ ಗುಡಿಯ ಮುಂದೆ ಮರವಿತ್ತೇ, ಗೋಪುರಕ್ಕೆ ಸುಣ್ಣವಿತ್ತೇ ಎಂದು ಹೇಳುವುದಿಲ್ಲ.

ಆ ಸಂಗತಿ ಬಹುಶಃ ಮನೆಯ ಟ್ರಂಕಿನಲ್ಲಿದೆ. ಜಾತ್ರೆಯ ದಿನ ಮಲ್ಲೇಶ್ವರನ ಗುಡಿಯ ಮುಂದೆಯೋ, ಶಿರಾದ ಮಲ್ಲಿಕ್ ರಿಹಾನ್ ದರ್ಗಾದ ಬಳಿಯೋ ಅಜ್ಜ ಅಜ್ಜಿ ನಿಂತು ತೆಗೆಸಿಕೊಂಡ ಕಪ್ಪುಬಿಳುಪು ಫೋಟೊ. ಎಲ್ಲರೂ ಅಜ್ಜಿಯ ಸೀರೆ ನೋಡುತ್ತಾರೆ, ಹಿಂದಿನ ಗೋಡೆಯನ್ನಲ್ಲ. ಅಜ್ಜಿ ಇರುವಾಗಲೇ ಕೇಳಿ, ಫೋಟೊದ ಹಿಂದೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಇಸವಿ ಹಾಕಿ, ಹೀಗೆ ಬರೆದರಾಯಿತು: 'ಮಲ್ಲೇಶ್ವರ ಗುಡಿ, ಮಧುಗಿರಿ, ತೇರಿನ ದಿನ.' ಲೆಕ್ಕಕ್ಕೆ ಐದೇ ಪದ. ಆಗಿನ ಫ್ರಾನ್ಸಿನಲ್ಲಾಗಿದ್ದರೆ 5 ಸಾಂಟೀಮಿಗೇ ಹೋಗುತ್ತಿತ್ತು.