ಬೈದದ್ದು ಊರಿನ ನೆಟ್ಟನ್ನ, ತಪ್ಪಿದ್ದದ್ದು ಟೇಬಲ್ ಹಿಂದೆ

"ನಿಮ್ಮೂರಲ್ಲಿ ನೆಟ್‌ವರ್ಕ್ ಸರಿ ಇಲ್ಲ ಅನ್ಸುತ್ತೆ. ಹೀಗೇ ಆದ್ರೆ ಮುಂದಿನ ತಿಂಗಳಿಂದ ಬೆಂಗಳೂರಿಗೇ ಬಂದುಬಿಡಿ."

ಮ್ಯಾನೇಜರ್ ಫೋನಿನಲ್ಲಿ ಹೀಗೆ ಹೇಳುವಾಗ ನನ್ನ ಕೈಯಲ್ಲಿ ಅಪ್ಪನ ಮಾತ್ರೆ ಡಬ್ಬಿ ಇತ್ತು. ಬೆಳಗಿನದು, ಮಧ್ಯಾಹ್ನದ್ದು, ರಾತ್ರಿಯದು ಅಂತ ಬೇರೆ ಮಾಡ್ತಾ ಇದ್ದೆ. "ಆಯ್ತು ಸರ್, ನೋಡ್ತೀನಿ" ಅಂದು ಫೋನ್ ಇಟ್ಟೆ. ನೋಡೋದೇನು? ಅಪ್ಪನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಇನ್ನೂ ಪೂರ್ತಿ ಮಾತು ಕೇಳ್ತಿಲ್ಲ. ಅವ್ವ ಒಬ್ಬಳೇ ಅವನನ್ನು ಎತ್ತಿ ಕೂಡಿಸಲಾರಳು. ನಾನು ಹೋದರೆ ಈ ಮನೆ ನಡೆಯೋದಿಲ್ಲ. ಕೆಲಸ ಬಿಟ್ಟರೂ ನಡೆಯೋದಿಲ್ಲ.

ನಮ್ಮೂರು ಕಾಗಿನೆಲೆ. ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ. ಕನಕದಾಸರ ಅಂಕಿತದಿಂದಾಗಿ ಊರಿನ ಹೆಸರು ಎಲ್ಲರಿಗೂ ಗೊತ್ತು, ಊರು ಮಾತ್ರ ಗೊತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಹೋದ್ಯೋಗಿಯೊಬ್ಬಳು, "ಕಾಗಿನೆಲೆ ಅಂತ ನಿಜವಾಗ್ಲೂ ಒಂದು ಊರಿದೆಯಾ? ನಾನು ಪಾಠದಲ್ಲಿ ಮಾತ್ರ ಓದಿದ್ದೆ" ಅಂದಿದ್ದಳು. ಇದೆ ಕಣೇ. ಆದಿಕೇಶವನ ಗುಡಿ ಇದೆ, ದೊಡ್ಡ ಕೆರೆ ಇದೆ, ನಮ್ಮನೆಯೂ ಇದೆ.

ನನ್ನ ಕೆಲಸ ಆನ್‌ಲೈನ್ ಪಾಠದ ವಿಡಿಯೋಗಳಿಗೆ ಕನ್ನಡ ಸಬ್‌ಟೈಟಲ್ ಬರೆಯೋದು, ಬೇರೆಯವರು ಬರೆದದ್ದನ್ನು ತಿದ್ದೋದು. ಅದಕ್ಕೆ ಎರಡು ಮಾನಿಟರ್ ಬೇಕೇ ಬೇಕು. ಎಡಗಡೆ ಬರೆಯುವ ಕಿಟಕಿ, ಬಲಗಡೆ ವಿಡಿಯೋ. ಮಾತಿಗೂ ಅಕ್ಷರಕ್ಕೂ ಅರ್ಧ ಸೆಕೆಂಡ್ ವ್ಯತ್ಯಾಸ ಬಂದರೂ ನೋಡುವ ಮಗುವಿಗೆ ಕಿರಿಕಿರಿ ಆಗುತ್ತೆ. ಮೊದಲು ಒಂದೇ ಮಾನಿಟರ್ ಇತ್ತು. ಊರಿಗೆ ಬಂದ ಮೇಲೆ ಇನ್ನೊಂದು ಸೆಕೆಂಡ್ ಹ್ಯಾಂಡ್ ತಗೊಂಡು, ನಾನೇ ಹಿಂದಕ್ಕೆ ಕೈ ಹಾಕಿ ವೈರ್ ಚುಚ್ಚಿದೆ. ಚಿತ್ರ ಬಂತು. ಅಷ್ಟು ಸಾಕು ಅಂತ ಸುಮ್ಮನಾದೆ.

ಆಮೇಲೆ ಶುರುವಾಯ್ತು ಕಾಟ. ಬಲಗಡೆ ಪರದೆಯಲ್ಲಿ ವಿಡಿಯೋ ಹಾಕಿದರೆ ಮೇಡಂ ಮಾತು ಮುಂದೆ, ಬಾಯಿ ಹಿಂದೆ. ಕೈ ಎತ್ತಿದರೆ ಮೂರು ಕಂತಿನಲ್ಲಿ ಎತ್ತುತ್ತಿದ್ದರು. ಹತ್ತು ನಿಮಿಷ ಆದ ಮೇಲೆ ಇನ್ನೂ ಅಧ್ವಾನ. ನಾನು ವಿಡಿಯೋದ ತಪ್ಪೇ ಅಂದುಕೊಂಡು, "ಆಡಿಯೋ ಮತ್ತು ಚಿತ್ರ ಹೊಂದ್ತಾ ಇಲ್ಲ" ಅಂತ ಎರಡು ಸಲ ವಾಪಸ್ ಕಳಿಸಿದೆ. ಎಡಿಟಿಂಗ್ ಮಾಡುವ ಹುಡುಗ ಅರ್ಧ ದಿನ ಕೂತು ಹುಡುಕಿದ. ಅವನ ಹತ್ತಿರ ಎಲ್ಲಾ ಸರಿಯಾಗೇ ಇತ್ತು. ಮೂರನೇ ಸಲ ಕಳಿಸಿದಾಗ ಬಂದದ್ದೇ ಆ ಫೋನು.

ಅಷ್ಟರಲ್ಲಿ ನಾನೇ ಮೀಟಿಂಗಿನಲ್ಲಿ ಮೂರು ವಾರದಿಂದ ಒಂದೇ ರಾಗ ಹಾಡಿದ್ದೆ: "ಸಾರಿ, ನಮ್ಮದು ಹಳ್ಳಿ, ನೆಟ್ ಸ್ಲೋ." ಒಬ್ಬರೂ ಎದುರು ಪ್ರಶ್ನೆ ಕೇಳಲಿಲ್ಲ. ಹಳ್ಳಿ ಅಂದ ಕೂಡಲೇ ಎಲ್ಲರೂ ತಲೆ ಆಡಿಸಿದರು.

ರೌಟರನ್ನು ಪಡಸಾಲೆಯಿಂದ ನನ್ನ ಕೋಣೆಗೆ ತಂದೆ. 40 ಎಂಬಿಪಿಎಸ್ ಪ್ಲಾನ್ ತೆಗೆದು 100ಕ್ಕೆ ಏರಿಸಿದೆ. ಯಾರೂ ಬಳಸದ ಹೊತ್ತಲ್ಲಿ ನೋಡೋಣ ಅಂತ ಬೆಳಗಿನ ಐದಕ್ಕೆ ಎದ್ದು ಕೂತೆ. ಏನೂ ಬದಲಾಗಲಿಲ್ಲ, ತಿಂಗಳ ಬಿಲ್ಲು ಒಂದನ್ನು ಬಿಟ್ಟು.

ಅಪ್ಪನ ಪ್ರಶ್ನೆ

ಸಂಜೆ ಕೆಲಸ ಮುಗಿದ ಮೇಲೆ ಬಲಗಡೆ ಮಾನಿಟರನ್ನು ಅಪ್ಪನ ಮಂಚದ ಕಡೆ ತಿರುಗಿಸಿ ಸಿನಿಮಾ ಹಾಕೋದು ರೂಢಿ. ಅವನಿಗೆ ಬೇಕಾದ್ದು ಒಂದೇ: ರಾಜ್‌ಕುಮಾರ್ ಅವರ 1960ರ 'ಭಕ್ತ ಕನಕದಾಸ'. ಪಿ.ಬಿ. ಶ್ರೀನಿವಾಸ್ ಅವರ ಹಾಡು ಬಂದಾಗ ಎಡಗೈಯಲ್ಲಿ ಮಂಚಕ್ಕೆ ತಾಳ ಹಾಕ್ತಾನೆ.

ಮ್ಯಾನೇಜರ್ ಫೋನ್ ಬಂದ ದಿನ ಸಂಜೆ ನಾನು ಸಪ್ಪಗೆ ಕೂತಿದ್ದೆ. ಅವ್ವನಿಗೆ ಮಾತ್ರ ವಿಷಯ ಹೇಳಿದ್ದೆ. ಅಪ್ಪನಿಗೆ ಕೇಳಿಸಿತ್ತು ಅಂತ ಕಾಣುತ್ತೆ. ಸಿನಿಮಾ ಅರ್ಧಕ್ಕೆ ಬಂದಾಗ ಪರದೆಯ ಕಡೆ ಬೆರಳು ಮಾಡಿ, ನಿಧಾನಕ್ಕೆ, ಒಂದೊಂದೇ ಪದ ಹುಡುಕಿಕೊಂಡು ಕೇಳಿದ:

"ಯವ್ವಾ... ನೆಟ್ಟ ಚೊಲೋ ಇಲ್ಲಂತಿ... ಮತ್ತ ಇದು ಹೆಂಗ ಬರಾಕತ್ತೈತಿ?"

"ಅದು ಹಳೇ ಸಿನಿಮಾ ಅಪ್ಪಾ, ಸಣ್ಣ ಫೈಲು. ನಂದು ದೊಡ್ಡದು."

ಅವನಿಗೆ ಸಮಾಧಾನ ಆಗಲಿಲ್ಲ. "ಹೊಲಕ್ಕ ನೀರ ಬರವಲ್ದು ಅಂದ್ರ... ಬೋರ್‌ನ್ಯಾಗ ನೀರಿಲ್ಲೋ, ಪೈಪ್ ಒಡದೈತೋ... ಮೊದ್ಲ ಅದನ್ನ ನೋಡ್ಬೇಕವಾ."

ಲಕ್ವಾ ಹೊಡೆದ ಮೇಲೆ ಅಪ್ಪ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು. ಮೆಣಸಿನಕಾಯಿ ಹೊಲಕ್ಕೆ ಮೂವತ್ತು ವರ್ಷ ನೀರು ಹಾಯಿಸಿದ ಮನುಷ್ಯ. ಅವನ ಮಾತು ಕೇಳಿ ನನಗೆ ನಾಚಿಕೆ ಆಯ್ತು. ನಾನು ಬೋರ್‌ನಲ್ಲಿ ನೀರಿಲ್ಲ ಅಂತ ಮೊದಲೇ ತೀರ್ಮಾನ ಮಾಡಿ, ಪೈಪನ್ನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಪೈಪ್ ಹಿಡಿದು ಹೋದದ್ದು

ಮೊದಲು ಲಕ್ಷಣ ಗಮನಿಸಿದೆ. ನೆಟ್ ನಿಧಾನವಾದರೆ ವಿಡಿಯೋ ಪೂರ್ತಿ ನಿಂತು, ನಡುವೆ ಗೋಲ ಸುತ್ತುತ್ತೆ, ಮಾತೂ ನಿಲ್ಲುತ್ತೆ. ನನ್ನದರಲ್ಲಿ ಗೋಲ ಸುತ್ತುತ್ತಲೇ ಇರಲಿಲ್ಲ. ಮಾತು ಸರಾಗವಾಗಿ ಬರ್ತಿತ್ತು, ಚಿತ್ರ ಮಾತ್ರ ಕುಂಟುತ್ತಿತ್ತು. ಅಂದರೆ ಡೇಟಾ ಬಂದು ಮುಟ್ಟಿದೆ, ಅದನ್ನು ಬಿಡಿಸಿ ತೋರಿಸಲು ಕಂಪ್ಯೂಟರಿಗೆ ಆಗ್ತಿಲ್ಲ.

ಖಾತ್ರಿ ಮಾಡಿಕೊಳ್ಳೋಕೆ ಒಂದು ಪಾಠದ ಫೈಲನ್ನೇ ಡೌನ್‌ಲೋಡ್ ಮಾಡಿ, ವೈಫೈ ಪೂರ್ತಿ ಆಫ್ ಮಾಡಿ ಓಡಿಸಿದೆ. ಎಡಗಡೆ ಸ್ವಲ್ಪ ಪರವಾಗಿಲ್ಲ, ಬಲಗಡೆ ಅದೇ ಕುಂಟಾಟ. ನೆಟ್ಟೇ ಇಲ್ಲದಾಗ ನೆಟ್ಟನ್ನು ಬೈಯೋದು ಹೇಗೆ?

ಆಮೇಲೆ ಯೂಟ್ಯೂಬಿನಲ್ಲಿ ಪಾಠ ಹಾಕಿ, ವಿಡಿಯೋ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದೆ. ಸಣ್ಣ ಅಕ್ಷರದ ಒಂದು ಪಟ್ಟಿ ಬರುತ್ತೆ. ಅದರಲ್ಲಿ ಎರಡು ಸಾಲು ನೋಡಿದರೆ ಸಾಕು. 'ಬಫರ್ ಹೆಲ್ತ್' ಅಂದರೆ ಮುಂದಿನ ಎಷ್ಟು ಸೆಕೆಂಡಿನ ವಿಡಿಯೋ ಈಗಾಗಲೇ ಬಂದು ಕೂತಿದೆ ಅನ್ನೋದು. ನನ್ನದು 40 ಸೆಕೆಂಡಿಗಿಂತ ಕೆಳಗೆ ಇಳಿಯಲೇ ಇಲ್ಲ. ಇನ್ನೊಂದು, ಎಷ್ಟು ಫ್ರೇಮ್ ಬಿಟ್ಟುಹೋಗಿವೆ ಅನ್ನುವ 'ಡ್ರಾಪ್ಡ್ ಫ್ರೇಮ್ಸ್'. ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿ ಐದು ನಿಮಿಷಕ್ಕೆ 9,000 ಫ್ರೇಮ್. ಅದರಲ್ಲಿ 2,000ಕ್ಕೂ ಹೆಚ್ಚು ಬಿದ್ದುಹೋಗಿದ್ದವು. ಬೋರ್ ತುಂಬಿತ್ತು, ಪೈಪ್ ಒಡೆದಿತ್ತು.

ಒಡೆದದ್ದು ಒಂದೇ ಕಡೆ ಅಲ್ಲ.

ಮೊದಲನೆಯದು ಬ್ರೌಸರಿನಲ್ಲಿ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಸಿಪಿಯು ಶೇಕಡಾ 95ಕ್ಕೆ ಏರಿತ್ತು. ಗ್ರಾಫಿಕ್ಸ್ ಕಾರ್ಡಿನ 'ವಿಡಿಯೋ ಡಿಕೋಡ್' ಗೆರೆ ಮಾತ್ರ ನೆಲಕ್ಕೆ ಅಂಟಿಕೊಂಡು ಮಲಗಿತ್ತು. ವಿಡಿಯೋ ಬಿಡಿಸೋಕೆ ಅಂತಲೇ ಕಾರ್ಡಿನಲ್ಲಿ ಬೇರೆ ಭಾಗ ಇರುತ್ತೆ, ಅದನ್ನು ಖಾಲಿ ಕೂಡಿಸಿ ಎಲ್ಲಾ ಭಾರ ಸಿಪಿಯು ತಲೆ ಮೇಲೆ ಬಿದ್ದಿತ್ತು. ಬ್ರೌಸರ್ ಸೆಟ್ಟಿಂಗಿನ 'ಸಿಸ್ಟಮ್' ಅನ್ನುವಲ್ಲಿ 'ಗ್ರಾಫಿಕ್ಸ್ ಆಕ್ಸಿಲರೇಷನ್' ಆಫ್ ಆಗಿತ್ತು. ಆಫ್ ಮಾಡಿದ್ದು ಯಾರು? ನಾನೇ. ಹಿಂದೊಮ್ಮೆ ಪರದೆ ಕಪ್ಪಾಗ್ತಿದೆ ಅಂತ ಯಾರೋ ಹೇಳಿದ್ದು ಕೇಳಿ ಆಫ್ ಮಾಡಿ ಮರೆತಿದ್ದೆ. ಆನ್ ಮಾಡಿ, ಬ್ರೌಸರ್ ಮುಚ್ಚಿ ತೆರೆದೆ. ಎಡಗಡೆ ಪರದೆಯಲ್ಲಿ ವಿಡಿಯೋ ಎಣ್ಣೆ ಹಚ್ಚಿದ ಹಾಗೆ ಜಾರಿತು. ಬಲಗಡೆ ಇನ್ನೂ ಇಲ್ಲ.

ಎರಡನೆಯದು ಟೇಬಲ್ ಹಿಂದೆ. ಟಾರ್ಚ್ ಹಿಡಿದು ಬಗ್ಗಿದೆ. ಸಿಪಿಯು ಡಬ್ಬಿಯ ಹಿಂದೆ ಮಾನಿಟರ್ ಚುಚ್ಚಲು ಎರಡು ಜಾಗ ಇರುತ್ತೆ. ಮೇಲೆ, ಯುಎಸ್‌ಬಿ ತೂತುಗಳ ಪಕ್ಕದಲ್ಲಿ ಇರೋದು ಮದರ್‌ಬೋರ್ಡಿನದು. ಕೆಳಗೆ ಅಡ್ಡಡ್ಡ ಇರೋದು ಗ್ರಾಫಿಕ್ಸ್ ಕಾರ್ಡಿನದು. ನನ್ನ ಹಳೇ ಮಾನಿಟರ್ ಕೆಳಗಿನ ಕಾರ್ಡಿಗೆ ಹೋಗಿತ್ತು. ಎರಡನೆಯದನ್ನು ನಾನು ಮೇಲೆ ಚುಚ್ಚಿದ್ದೆ. ಒಂದು ಕಡೆ ತಯಾರಾದ ಚಿತ್ರವನ್ನು ಕ್ಷಣಕ್ಷಣಕ್ಕೂ ಇನ್ನೊಂದು ಕಡೆಗೆ ನಕಲು ಮಾಡಿ ಕಳಿಸುವ ಕೆಲಸ ಕಂಪ್ಯೂಟರಿಗೆ ಬಿದ್ದಿತ್ತು. ಒಂದು ಒಲೆ ಮೇಲೆ ರೊಟ್ಟಿ ಬೇಯಿಸಿ, ಉಬ್ಬಿಸೋಕೆ ಪಕ್ಕದ ಮನೆ ಒಲೆಗೆ ಒಯ್ದ ಹಾಗೆ.

ನನ್ನ ಕಾರ್ಡಿನಲ್ಲಿ ಎಚ್‌ಡಿಎಂಐ ಇರೋದು ಒಂದೇ, ಇನ್ನೊಂದು ಡಿಸ್‌ಪ್ಲೇಪೋರ್ಟ್. ಅದಕ್ಕೆ ಬೇರೆ ಕೇಬಲ್ ಬೇಕು. ಅಪ್ಪನನ್ನು ಫಿಸಿಯೋಥೆರಪಿಗೆ ಹಾವೇರಿಗೆ ಕರಕೊಂಡು ಹೋದ ದಿನ 450 ರೂಪಾಯಿ ಕೊಟ್ಟು ತಂದೆ. ನಾನು ಪ್ಲಾನ್ ಏರಿಸಿ ಪ್ರತಿ ತಿಂಗಳು ಕಟ್ಟಲು ಹೊರಟಿದ್ದಕ್ಕೆ ಹೋಲಿಸಿದರೆ ಇದು ಒಂದೇ ಸಲದ ಖರ್ಚು.

ಮೂರನೆಯದು ಸಣ್ಣದು. ಒಂದು ಮಾನಿಟರ್ ಸೆಕೆಂಡಿಗೆ 75 ಸಲ ಚಿತ್ರ ಬದಲಿಸುತ್ತಿತ್ತು, ಇನ್ನೊಂದು 60 ಸಲ. 30 ಫ್ರೇಮಿನ ವಿಡಿಯೋ 60ಕ್ಕೆ ಸರಿಯಾಗಿ ಹೊಂದುತ್ತೆ, ಪ್ರತಿ ಫ್ರೇಮಿಗೆ ಎರಡು ಸಲ. 75ಕ್ಕೆ ಎರಡೂವರೆ ಆಗುತ್ತೆ, ಅಲ್ಲಿ ಎಡವುತ್ತೆ. ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ಎರಡನ್ನೂ 60 ಹರ್ಟ್ಜ್ ಮಾಡಿದೆ. ಜತೆಗೆ ವಿಡಿಯೋವನ್ನು 4ಕೆ ಬದಲು 1080ಪಿಗೆ ಇಳಿಸಿದೆ. 4ಕೆ ಚಿತ್ರದಲ್ಲಿ ನಾಲ್ಕು ಪಟ್ಟು ಚುಕ್ಕಿಗಳಿರುತ್ತವೆ. ನನ್ನ ಮಾನಿಟರೇ 1080ಪಿ ಆಗಿರುವಾಗ ಅಷ್ಟನ್ನು ತರಿಸಿಕೊಂಡು ಹೊಯ್ಯೋದೆಲ್ಲಿ?

ಇನ್ನು ಹತ್ತು ನಿಮಿಷ ಆದ ಮೇಲೆ ಹದಗೆಡುವ ಕಥೆ. ಡಬ್ಬಿಯ ಬಾಗಿಲು ಬಿಚ್ಚಿದ ಕೂಡಲೇ ನನಗೆ ಏಳೆಂಟು ಸೀನು ಬಂದವು. ಮೆಣಸಿನಕಾಯಿ ಒಣಗಿಸುವ ಮನೆ ನಮ್ಮದು. ಫ್ಯಾನಿನ ಮೇಲೆ ಕೂತ ಧೂಳೂ ಖಾರವೇ. ಗಾಳಿ ಆಡದೆ ಬಿಸಿಯಾದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತೆ. ಮೂಗಿಗೆ ಬಟ್ಟೆ ಕಟ್ಟಿ, ಬ್ರಶ್ಶಿನಿಂದ ಒರೆಸಿದೆ. "ಕಂಪ್ಯೂಟರಿಗೂ ಖಾರ ಹತ್ತಿತ್ತೇನ?" ಅಂತ ಅವ್ವ ನಕ್ಕಳು.

ಎಲ್ಲಾ ಜೋಡಿಸಿ ಅದೇ ಪಾಠ, ಅದೇ ಬಲಗಡೆ ಪರದೆ, ಅದೇ ನೆಟ್ಟು. ಐದು ನಿಮಿಷ ಬಿಟ್ಟು ನೋಡಿದೆ. 9,000ದಲ್ಲಿ ಬಿದ್ದದ್ದು 4.

ಹೇಳಬೇಕಾದ ಮಾತು

ರಿಪೇರಿಗಿಂತ ಕಷ್ಟ ಆದದ್ದು ಮಾರನೇ ದಿನದ ಮೀಟಿಂಗು. ಸುಮ್ಮನೆ "ಈಗ ಸರಿಯಾಯ್ತು" ಅಂದಿದ್ದರೆ ಯಾರೂ ಕೇಳ್ತಿರಲಿಲ್ಲ. ಆದರೆ ಎಡಿಟಿಂಗ್ ಹುಡುಗನ ಒಂದೂವರೆ ದಿನ ನನ್ನ ಲೆಕ್ಕದಲ್ಲಿತ್ತು. "ತಪ್ಪು ವಿಡಿಯೋದಲ್ಲಿ ಇರಲಿಲ್ಲ, ನಮ್ಮೂರಿನ ನೆಟ್ಟಿನಲ್ಲೂ ಇರಲಿಲ್ಲ. ವೈರ್ ತಪ್ಪು ಚುಚ್ಚಿದ್ದು ನಾನು" ಅಂದೆ. ಅವನು ನಕ್ಕು, "ಮೇಡಂ, ನಂದೂ ಎರಡು ಮಾನಿಟರ್ ಇದೆ, ಒಂದು ಸಲ ಹಿಂದೆ ನೋಡ್ತೀನಿ" ಅಂದ.

ಮ್ಯಾನೇಜರ್ ಒಂದು ತಿಂಗಳು ಟೈಮ್ ಕೊಟ್ಟಿದ್ದಾರೆ. ಆಮೇಲೆ ನೋಡೋಣ ಅಂದಿದ್ದಾರೆ. ಹಾಗಂತ ನಮ್ಮೂರಲ್ಲಿ ಎಲ್ಲಾ ಚೆನ್ನಾಗೇ ಇದೆ ಅಂತ ನಾನು ಹೇಳೋದಿಲ್ಲ. ಜೋರು ಮಳೆ ಬಂದರೆ ಕರೆಂಟ್ ಹೋಗುತ್ತೆ, ಟಿಸಿ ಸುಟ್ಟರೆ ಇಡೀ ದಿನ ಕಾಯಬೇಕು. ಆಗ ಹಾಗೇ ಹೇಳ್ತೀನಿ. ಆದರೆ ನೋಡದೇ, ಎಲ್ಲದಕ್ಕೂ "ನಮ್ಮದು ಹಳ್ಳಿ" ಅನ್ನೋದನ್ನು ಬಿಟ್ಟಿದ್ದೀನಿ. ಊರನ್ನು ಬೈದರೆ ಕೇಳುವವರು ಬೇಗ ನಂಬ್ತಾರೆ. ಹೇಳುವ ನಾವೂ ನಂಬಿಬಿಡ್ತೀವಿ. ಇನ್ನೊಂದೇ ವಾರ ಕಳೆದಿದ್ದರೆ ಆ ನಂಬಿಕೆಯ ಮೇಲೆ ನಾನು ಬ್ಯಾಗ್ ಕಟ್ಟಿರುತ್ತಿದ್ದೆ.

ಊರಿಂದ ಕೆಲಸ ಮಾಡುವವರು ಇದನ್ನು ಓದ್ತಿದ್ದರೆ ಒಂದೇ ಮಾತು. ವಿಡಿಯೋ ಕುಂಟಿದಾಗ ಪ್ಲಾನ್ ಬದಲಿಸುವ ಮೊದಲು ವೈಫೈ ಆಫ್ ಮಾಡಿ ಒಂದು ಫೈಲ್ ಓಡಿಸಿ ನೋಡಿ. ಆಗಲೂ ಕುಂಟಿದರೆ ಟಾರ್ಚ್ ತಗೊಂಡು ಟೇಬಲ್ ಹಿಂದೆ ಬಗ್ಗಿ.

ಮೊನ್ನೆ ಭಾನುವಾರ ಅಪ್ಪನಿಗೆ ಮತ್ತೆ ಅದೇ ಸಿನಿಮಾ ಹಾಕಿದೆ. ಅದು ಮೊದಲಿನ ಹಾಗೇ ಬಂತು, ಅದಕ್ಕೇನು ವ್ಯತ್ಯಾಸ ಆಗಬೇಕಿರಲಿಲ್ಲ. ನಾನು ಬಿಚ್ಚಿದ ಹಳೇ ವೈರನ್ನು ಸುತ್ತಿ ಕಸದ ಬುಟ್ಟಿ ಕಡೆ ಹೋಗ್ತಿದ್ದೆ. ಅಪ್ಪ ಸಿನಿಮಾದಿಂದ ಕಣ್ಣು ತೆಗೆಯದೇ ಅಂದ:

"ಒಗೀಬ್ಯಾಡ್ ಅದನ್ನ. ಇರ್ಲಿ. ಮುಂದ ಬೇಕಾಗತೈತಿ."

ಮೊಳೆಗೆ ನೇತುಹಾಕಿದ್ದೀನಿ, ಅವನ ಹಳೇ ಪಂಪ್‌ಸೆಟ್ ವೈರಿನ ಪಕ್ಕದಲ್ಲೇ.