ಗರ್ಭಿಣಿಯ ಉಸಿರು

ನಮ್ಮ ತೆಂಗಿನ ಸೀಮೆಯಲ್ಲಿ ಹೆಂಗಸರ ಕೆಲಸ ಬಹುಮಟ್ಟಿಗೆ ನೆಲದ ಮೇಲೆಯೇ ನಡೆಯತಕ್ಕದ್ದು. ತಿಪಟೂರಾಗಲಿ, ತುರುವೇಕೆರೆಯಾಗಲಿ, ಚಿಕ್ಕನಾಯಕನಹಳ್ಳಿಯಾಗಲಿ, ವರ್ಷದ ಹತ್ತಿರ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಇಳಿಸಿ, ಸುಲಿದು, ಚಿಪ್ಪೊಡೆದು ಉಂಡೆ ಕೊಬ್ಬರಿ ತೆಗೆಯುವ ದಿನಗಳಲ್ಲಿ ಬೆನ್ನು ಬಾಗಿಸಿ ಗಂಟೆಗಟ್ಟಲೆ ಕುಳಿತಿರುವ ಹೆಂಗಸರನ್ನು ಕಾಣಬಹುದು. ಈಳಿಗೆಮಣೆ, ತುರಿಯುವ ಮಣೆಗಳ ಮುಂದೆಯೂ ಅದೇ ಭಂಗಿ. ಈಚೆಗೆ ಮಿಕ್ಸಿಯೂ ನಿಂತು ಬೇಯಿಸುವ ಕಟ್ಟೆಯೂ ಬಂದಿವೆಯಾದರೂ ಮಣೆಯು ಇನ್ನೂ ಮನೆ ಬಿಟ್ಟಿಲ್ಲ. ಇತರರಿಗೆ ಇದರಿಂದ ಸೊಂಟನೋವು ಬಂದೀತು. ತಿಂಗಳು ತುಂಬುತ್ತಿರುವ ಗರ್ಭಿಣಿಗೆ ಉಸಿರೇ ಸಾಲದಾಗುತ್ತದೆ.

ಇದರ ಕಾರಣವನ್ನು ಗೃಹಸ್ಥರು ಅವಶ್ಯವಾಗಿ ತಿಳಿಯಬೇಕು. ಎದೆಗೂ ಹೊಟ್ಟೆಗೂ ನಡುವೆ, ಅಟ್ಟದ ಹಲಗೆಯಂತೆ, ವಪೆಯೆಂಬ ಮಾಂಸದ ಪದರವೊಂದುಂಟು. ಉಸಿರೆಳೆದಾಗ ಅದು ಕೆಳಗಿಳಿಯುತ್ತದೆ, ಬಿಟ್ಟಾಗ ಮೇಲೇರುತ್ತದೆ. ಬೆಳೆಯುವ ಗರ್ಭವು ಇದನ್ನು ಸುಮಾರು 4 ಸೆಂಟಿಮೀಟರು, ಎಂದರೆ ಒಂದೂವರೆ ಅಂಗುಲ, ಮೇಲಕ್ಕೆ ದೂಡುತ್ತದೆ. ಎದೆಗೂಡು ಪಕ್ಕಗಳಿಗೆ ಅಗಲವಾಗಿ ಆ ನಷ್ಟವನ್ನು ಬಹಳವಾಗಿ ತುಂಬಿಕೊಡುವುದೇನೋ ನಿಜ. ಆದರೆ ಮುಂದಕ್ಕೆ ಬಾಗಿ ಕುಳಿತವಳಿಗೆ ಮೇಲಿನಿಂದ ಪಕ್ಕೆಲುಬು, ಕೆಳಗಿನಿಂದ ಗರ್ಭ. ನಡುವೆ ಸಿಕ್ಕಿದ ವಪೆಗೆ ಅಲುಗಲು ಎಡೆಯೆಲ್ಲಿ? ಇದಲ್ಲದೆ ಪ್ರೊಜೆಸ್ಟರಾನ್ ಎಂಬ ರಸವು ಮೊದಲ ತಿಂಗಳುಗಳಿಂದಲೇ ಉಸಿರಾಟವನ್ನು ಹೆಚ್ಚಿಸುತ್ತದೆ. ಹೊಟ್ಟೆ ಕಾಣಿಸಿಕೊಳ್ಳುವ ಮೊದಲೇ ಸೊಸೆ ಏದುಸಿರು ಬಿಟ್ಟರೆ ಸೋಮಾರಿಯೆಂದು ಆಡಿಕೊಳ್ಳುವ ಹಿರಿಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ನಮ್ಮ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ ಎಂಟನೆಯ ತಿಂಗಳು ನಡೆಯುತ್ತಿತ್ತು. ಒಂದು ನಡುರಾತ್ರಿ ಅವಳು ಗೋಡೆಗೊರಗಿ ಕುಳಿತಿದ್ದುದನ್ನು ಕಂಡು ವಿಚಾರಿಸಿದೆವು. "ಮಲಗಿದರೆ ಉಸಿರು ಸಿಕ್ಕುವುದಿಲ್ಲ, ಅಪ್ಪಾ. ಅಲ್ಲಿ ಹೇಳಿಕೊಳ್ಳಲು ಸಂಕೋಚವಾಯಿತು" ಎಂದಳು. ಆ ಸಂಕೋಚವೇ ನಮ್ಮಿಂದ ಈ ಲೇಖನವನ್ನು ಬರೆಯಿಸುತ್ತಿದೆ. ಮಾರನೆಯ ದಿನ ವೈದ್ಯೆಯು ಅವಳ ಎದೆಯನ್ನೂ ನಾಡಿಯನ್ನೂ ರಕ್ತವನ್ನೂ ಪರೀಕ್ಷಿಸಿ, ದೋಷವಿಲ್ಲವೆಂದು ಕಂಡ ಮೇಲೆ, ಅಂಗಾತ ಮಲಗದೆ ಎಡಮಗ್ಗುಲಾಗಿ, ತಲೆಯನ್ನೂ ಹೆಗಲನ್ನೂ ದಿಂಬುಗಳಿಂದ ಎತ್ತರಿಸಿ, ಮೊಳಕಾಲುಗಳ ನಡುವೆ ಇನ್ನೊಂದು ದಿಂಬಿಟ್ಟು ಮಲಗಬೇಕೆಂದರು. ಅಂಗಾತ ಮಲಗಿದರೆ ಗರ್ಭದ ಭಾರವು ಹಿಂದಿರುವ ದೊಡ್ಡ ರಕ್ತನಾಳವನ್ನು ಒತ್ತಿ, ಹೃದಯಕ್ಕೆ ಮರಳುವ ರಕ್ತವನ್ನು ಕಡಿಮೆ ಮಾಡುತ್ತದೆ. ಕೆಲವರಿಗೆ ತಲೆಸುತ್ತು, ಬೆವರು, ಉಸಿರುಕಟ್ಟು ಬರುವುದು ಅದರಿಂದ. ನಿದ್ರೆಯಲ್ಲಿ ಹೊರಳಿ ಅಂಗಾತವಾಗಿದ್ದರೆ ಗಾಬರಿಪಡದೆ ಮತ್ತೆ ಮಗ್ಗುಲಾದರೆ ಸಾಕು.

ಇದನ್ನು ಕೇಳಿ ನಮಗೆ ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯವು ನೆನಪಾಯಿತು. ಗರ್ಭಿಣಿಗೆ ಕುಕ್ಕರಗಾಲು, ಏರುಪೇರಾದ ಮತ್ತು ಗಡುಸಾದ ಆಸನ, ಅಂಗಾತ ಶಯನ ಇವೆಲ್ಲ ಅಲ್ಲಿ ವರ್ಜ್ಯ. ಅಂಗಾತ ಮಲಗಿದರೆ ಹೊಕ್ಕುಳಬಳ್ಳಿಯು ಶಿಶುವಿನ ಕೊರಳನ್ನು ಸುತ್ತುವುದೆಂದು ಅಲ್ಲಿ ಕೊಟ್ಟಿರುವ ಕಾರಣವನ್ನು ಇಂದಿನ ವೈದ್ಯರು ಒಪ್ಪರು. ನಾವೂ ಅದಕ್ಕಾಗಿ ವಾದಕ್ಕೆ ನಿಲ್ಲುವವರಲ್ಲ. ಕಾರಣವು ಬಿದ್ದರೂ ವಿಧಿಯು ಉಳಿದಿದೆ. ವ್ಯಾಕರಣದಲ್ಲಿಯೂ ಇಂಥದನ್ನು ಕಂಡಿದ್ದೇವೆ.

ಮನೆಯಲ್ಲಿ ಮಾಡಿದ ಏರ್ಪಾಡು ಅಲ್ಪವೇ. ಬೆನ್ನಿಗೆ ಆಸರೆಯುಳ್ಳ ಕುರ್ಚಿಯೊಂದು ಅಡುಗೆಮನೆಗೆ ಹೋಯಿತು. ಭುಜಗಳನ್ನು ಹಿಂದಕ್ಕೆ ಸರಿಸಿ ನೆಟ್ಟಗೆ ಕುಳಿತೇ ಅವಳು ಮೇಜಿನ ಮೇಲೆ ತರಕಾರಿ ಹೆಚ್ಚತೊಡಗಿದಳು. ಕಾಯಿ ತುರಿಯುವುದು ನಮ್ಮ ಪಾಲಿಗೆ ಬಂತು. ಮೇಷ್ಟರ ಹೊಸ ಉದ್ಯೋಗವನ್ನು ಕಂಡು ನೆರೆಯವರು ನಕ್ಕರು, ನಗಲಿ.

ಆದರೆ ಎಲ್ಲ ಏದುಸಿರಿಗೂ ದಿಂಬೇ ಔಷಧವೆಂದು ತಿಳಿಯಕೂಡದು. ರಕ್ತಹೀನತೆಯಿಂದಲೂ, ಹೃದಯದ ಅಥವಾ ಶ್ವಾಸಕೋಶದ ರೋಗದಿಂದಲೂ ಮೇಲುಸಿರು ಬರುವುದುಂಟು. ಸುಮ್ಮನೆ ಕುಳಿತಿದ್ದರೂ ಉಸಿರು ಸಾಲದಿರುವುದು, ಅದು ಹಠಾತ್ತನೆ ಬಂದುದು, ಎದೆನೋವು, ಎದೆಬಡಿತದ ಏರುಪೇರು, ನೀಲಿಗಟ್ಟಿದ ತುಟಿ, ಕಫದಲ್ಲಿ ರಕ್ತ, ಮುಖ ಕೈಗಳ ಊತ, ಒಂದೇ ಕಾಲಿನ ಊತ ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯತಕ್ಕದ್ದು.

ಚೊಚ್ಚಲ ಗರ್ಭದಲ್ಲಿ ಹೆರಿಗೆಗೆ ಕೆಲವು ವಾರ ಮುಂಚೆ ಶಿಶುವಿನ ತಲೆ ಕೆಳಗಿಳಿದು ಉಸಿರು ತಾನಾಗಿಯೇ ಹಗುರವಾಗುವುದುಂಟು. ಆಗ ಬಚ್ಚಲಿಗೆ ಓಡಾಟ ಹೆಚ್ಚುತ್ತದೆ. ರಾತ್ರಿ ನಡುಮನೆಯಲ್ಲಿ ಒಂದು ದೀಪ ಉರಿಯುತ್ತಿರಲಿ.